ಕಾಲರ್ ತಿರುವಿನಲ್ಲಿ ನಿಧಾನಿಸುವ ಹಾಡು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಡಿ ಸಾಲಿನ ಷಟರುಗಳೆಲ್ಲ ಮುಚ್ಚಿವೆ. ಲಾಂಡ್ರಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಒಬ್ಬರು ಮಾತ್ರ ಇಳಿಯಬಹುದಾದ ಮೆಟ್ಟಿಲಿದೆ. ಕೆಳಗೆ ನೆಲಮಾಳಿಗೆ. ತಲೆಯ ಮೇಲೆ ಲಾಂಡ್ರಿಯ ನೀರಿನ ಪೈಪುಗಳು, ಗೋಡೆಯುದ್ದಕ್ಕೂ ಅರ್ಧ ಹೊಲಿದ ಶಾಲೆಯ ಸಮವಸ್ತ್ರಗಳು, ಒಂದು ಟ್ಯೂಬ್‌ಲೈಟು, ಅದರ ಕೆಳಗೊಂದು ಹಳೆಯ ಹೊಲಿಗೆ ಮಿಷನ್ನು. ಅರವತ್ತರ ಹತ್ತಿರದ ಒಬ್ಬ ಹೆಂಗಸು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅಂಗಿಯ ಬದಿ ಹೊಲಿಯುತ್ತಿದ್ದಾರೆ. ಅವರ ಸುತ್ತ ಅಗಲ ಕಾಲರಿನ ಕೋಟು ತೊಟ್ಟ ಮೂವರು ಎಳೆಯರು. ಮೂವರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ನಾಲ್ಕು ಸಾಲು ಹೇಳುತ್ತಾರೆ, ನಿಲ್ಲಿಸುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ.

"ಏನೋ ಸರಿ ಇಲ್ಲ," ಎನ್ನುತ್ತಾನೆ ಒಬ್ಬ.

"ಏನು ಸರಿ ಇಲ್ಲ?"

"ಅದೇ ಗೊತ್ತಾಗ್ತಿಲ್ಲ."

ಅವರಿಗೇ ಗೊತ್ತಾಗದ್ದು ನನಗೆ ಗೊತ್ತಾಗುವ ಮಾತೇ ಇಲ್ಲ. ನಮ್ಮ ಪತ್ರಿಕೆಯ ಪುರವಣಿಯ ಸಂಪಾದಕರು ನನ್ನನ್ನು ಇಲ್ಲಿಗೆ ಅಟ್ಟುವಾಗ ಹೇಳಿದ್ದು ಇಷ್ಟೆ: ‘ಹಳೇ ಅಳತೆ’ ಎಂಬ ಹಿಪ್‌ಹಾಪ್ ತಂಡ, ಅಂಡರ್‌ಗ್ರೌಂಡ್, ಹಳೆಯ ಕಾಲದ ಸ್ಟೈಲು, ಹೋಗಿ ನೋಡಿ. ಹಿಪ್‌ಹಾಪ್ ಎಂದರೆ ಮಾತನ್ನೇ ತಾಳಕ್ಕೆ ಕಟ್ಟಿ ಹೇಳುವುದು ಎನ್ನುವಷ್ಟು ಬಲ್ಲೆ. ಅಂಡರ್‌ಗ್ರೌಂಡ್ ಎಂದರೆ ದೊಡ್ಡ ಕಂಪನಿಗಳ ಹಂಗಿಗೆ ಬೀಳದೆ, ಹೆಸರು ಮಾಡುವ ಗೋಜಿಗೆ ಹೋಗದೆ ಹಾಡುವವರು ಎಂದು ಮಗಳು ಪಾಠ ಮಾಡಿ ಕಳಿಸಿದ್ದಳು. ಇಲ್ಲಿ ನೋಡಿದರೆ ಇವರು ಸಾಕ್ಷಾತ್ ನೆಲದ ಕೆಳಗೇ ಇದ್ದಾರೆ. ಜೊತೆಗೆ ಒಬ್ಬ ದರ್ಜಿ ಹೆಂಗಸು ಇದ್ದಾರೆ. ಇವರಲ್ಲಿ ಎಲೆಮರೆಯ ಕಾಯಿ ಯಾರು, ನಾನು ಯಾರ ಮುಂದೆ ರೆಕಾರ್ಡರು ಹಿಡಿಯಬೇಕು ಎಂಬುದೇ ತಿಳಿಯದೆ ಬಟ್ಟೆಯ ಗಂಟಿನ ಮೇಲೆ ಕುಳಿತಿದ್ದೇನೆ.

ಕೊನೆಗೆ ದರ್ಜಿಯೇ ಮಿಷನ್ನು ನಿಲ್ಲಿಸಿ ನನ್ನ ಕಡೆ ತಿರುಗುತ್ತಾರೆ.

"ಮೇಡಂ, ನೀವು ಅವರ ಮೇಲೆ ಬೇಜಾರ್ ಮಾಡ್ಕೋಬೇಡಿ. ಹೋದ ವಾರದವರೆಗೂ ಚೆನ್ನಾಗೇ ಹಾಡ್ತಿದ್ರು. ಈ ಮೋಟರ್ ಬಂದ ಮೇಲೆ ಏನಾಯ್ತೋ."

ಮಿಷನ್ನಿನ ಪಕ್ಕಕ್ಕೆ ತಿರುಪು ಹಾಕಿ ಕೂರಿಸಿದ ಪುಟ್ಟ ಕಪ್ಪು ಮೋಟರು ಆಗ ನನ್ನ ಕಣ್ಣಿಗೆ ಬೀಳುತ್ತದೆ. ಹೊಸದು. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಪೂರ್ತಿ ಸುಲಿದಿಲ್ಲ.

ಚಿಕ್ಕಮ್ಮ ಎಂದೇ ಎಲ್ಲರೂ ಅವರನ್ನು ಕರೆಯುತ್ತಾರೆ. ಮೂವರಲ್ಲಿ ಒಬ್ಬ ಅವರ ಅಕ್ಕನ ಮಗ. ಬಸ್ ಡಿಪೊದಲ್ಲಿ ಬಸ್ಸು ತೊಳೆಯುತ್ತಾನೆ. ಬೆಲ್‌ಬಾಟಮ್ ಪ್ಯಾಂಟಿನ ದೆಸೆಯಿಂದ ಅವನಿಗೆ ಬೆಲ್ ಎಂದು ಹೆಸರು. ಎರಡನೆಯವನು ಉಸಿರು. ಒಂದೇ ಉಸಿರಿನಲ್ಲಿ ಎಷ್ಟು ಸಾಲು ಬೇಕಾದರೂ ಹೇಳುತ್ತಾನೆ. ಹಗಲು ಗ್ಯಾಸ್ ಸಿಲಿಂಡರ್ ಹೊತ್ತು ಮಹಡಿ ಹತ್ತುತ್ತಾನೆ. ಮೂರನೆಯವಳು ಟೋಪಿ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಜನರ ತೋಳಿನಿಂದ ರಕ್ತ ತೆಗೆಯುವ ಕೆಲಸ. ಅಜ್ಜನ ಟೋಪಿಯನ್ನು ಲ್ಯಾಬಿನಲ್ಲಿ ಬಿಟ್ಟರೆ ಬೇರೆಲ್ಲೂ ತೆಗೆಯುವುದಿಲ್ಲ. ಮೂವರಿಗೂ ಒಟ್ಟಿಗೆ ಬಿಡುವು ಸಿಗುವುದು ಕೆಲಸಕ್ಕೆ ಹೋಗುವ ಮೊದಲು ಮಾತ್ರ. ಆ ಹೊತ್ತಿನಲ್ಲಿ ಬಾಗಿಲು ತೆರೆದಿರುವುದು ಚಿಕ್ಕಮ್ಮನ ಅಂಗಡಿಯದು ಮಾತ್ರ.

ಹಳೆಯ ಸ್ಟೈಲಿನ ಬಗ್ಗೆ ಕೇಳಿದರೆ ಬೆಲ್ ನಗುತ್ತಾನೆ. "ಅದು ಸ್ಟೈಲ್ ಅಂತ ಜನ ಹೇಳಿದ ಮೇಲೇ ನಮಗೂ ಗೊತ್ತಾಗಿದ್ದು. ಮೊದಲ ಸಲ ಹಾಡೋಕೆ ಕರೆದಾಗ ಹಾಕ್ಕೊಳ್ಳೋಕೆ ಒಳ್ಳೆ ಬಟ್ಟೆ ಇರ್ಲಿಲ್ಲ. ಮನೆ ಪೆಟ್ಟಿಗೇಲಿದ್ದ ಅಪ್ಪನ ಪ್ಯಾಂಟು ತಂದು ಚಿಕ್ಕಮ್ಮಂಗೆ ಕೊಟ್ಟೆ, ಕೆಳಗಡೆ ಸಣ್ಣ ಮಾಡಿಕೊಡು ಅಂತ. ಅವಳು ಮಾಡಿಕೊಡ್ಲಿಲ್ಲ."

"ಟೈಮ್ ಎಲ್ಲಿತ್ತು?" ಎನ್ನುತ್ತಾರೆ ಚಿಕ್ಕಮ್ಮ. "ಸ್ಕೂಲು ಶುರುವಾಗೋ ತಿಂಗಳು. ಅದೂ ಅಲ್ದೆ ಆ ಕಾಲದ ಬಟ್ಟೆ ಮೇಡಂ, ಕತ್ತರಿ ಹಾಕೋಕೆ ಮನಸ್ಸು ಬರಲ್ಲ. ಸೊಂಟ ಮಾತ್ರ ಹಿಡಿದುಕೊಟ್ಟೆ. ಹಳೇ ಅಳತೇಲೇ ಇರ್ಲಿ ಬಿಡೋ ಅಂದೆ."

ತಂಡದ ಹೆಸರೂ ಅಲ್ಲಿಂದಲೇ ಬಂತು. ಆಮೇಲೆ ಉಸಿರಿನ ಮಾವನ ಕೋಟು, ಟೋಪಿಯ ಅಜ್ಜನ ಅಂಗಿ, ಒಂದರ ಹಿಂದೆ ಒಂದು ಬಂದವು. ಈಗ ಇವರ ಹಾಡಿಗೆ ಬರುವ ಹುಡುಗ ಹುಡುಗಿಯರೂ ಮನೆಯ ಪೆಟ್ಟಿಗೆ ತಡಕಾಡಿ ಅಗಲ ಕಾಲರು ಹಾಕಿಕೊಂಡು ಬರುತ್ತಾರಂತೆ.

ತಾಳ ಮಾತ್ರ ಬಂದ ಬಗೆಯೇ ಬೇರೆ. ಮೊದಮೊದಲು ಇವರು ಫೋನಿನಿಂದ ತಾಳ ಹಾಕಿಕೊಂಡು ಹಾಡುತ್ತಿದ್ದರು. ಮಿಷನ್ನಿನ ಸದ್ದಿಗೆ ಅದು ಕೇಳಿಸುತ್ತಿರಲಿಲ್ಲ. ಸ್ವಲ್ಪ ನಿಲ್ಲಿಸು ಚಿಕ್ಕಮ್ಮ ಎಂದು ಗೋಗರೆದರೆ ಅವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ನಿಮ್ಮ ಹಾಡು ತಡ ಆದ್ರೆ ಯಾರೂ ಬಾಗಿಲಿಗೆ ಬಂದು ಕೇಳಲ್ಲ. ಯೂನಿಫಾರಂ ತಡ ಆದ್ರೆ ಇಡೀ ಬೀದಿ ಬಂದು ಕೇಳುತ್ತೆ," ಎಂದರಂತೆ. ಬೇರೆ ದಾರಿ ಕಾಣದೆ ಒಂದು ದಿನ ಫೋನು ಆರಿಸಿ, ಮಿಷನ್ನಿನ ಸದ್ದಿಗೇ ಹಾಡಿದರು. ಅಂದು ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ಇದನ್ನು ಕೇಳಿದಾಗ ನಾನು ತಲೆಯಾಡಿಸಿದೆ, ಆದರೆ ಅರ್ಥವಾಗಿರಲಿಲ್ಲ. ಟೋಪಿ ನನ್ನ ಮುಖ ನೋಡಿಯೇ ತಿಳಿದುಕೊಂಡು ಒಂದು ಅಂಗಿಯ ಅರ್ಧ ಭಾಗವನ್ನು ನನ್ನ ಮಡಿಲಲ್ಲಿ ಹರಡಿ, ಮೋಟರಿಗೆ ಮುಂಚೆ ಹೇಗಿತ್ತೆಂದು ಬೆರಳಿಟ್ಟು ತೋರಿಸಿದಳು. ಕಾಲಿನಿಂದ ತುಳಿಯುವ ಮಿಷನ್ನಿನಲ್ಲಿ ಎರಡು ಸದ್ದು. ಕೆಳಗೆ ಪೆಡಲು ಹಿಮ್ಮಡಿಗೂ ಬೆರಳಿಗೂ ಬೀಳುವಾಗ ದಪ್ಪ ಸದ್ದು, ಮೇಲೆ ಸೂಜಿ ಇಳಿದು ಟಾಕಾ ಬೀಳುವಾಗ ಸಣ್ಣ ಸದ್ದು. ಅಂಗಿಯ ಬದಿ ನೇರ ಇರುವುದರಿಂದ ಅಲ್ಲಿ ಚಿಕ್ಕಮ್ಮ ಜೋರಾಗಿ ತುಳಿಯುತ್ತಾರೆ. ಅಲ್ಲಿಗೆ ಉಸಿರಿನ ಬಿರುಸು ಸಾಲುಗಳು. ಕಾಲರು ತಿರುಗುವಲ್ಲಿ ಬಟ್ಟೆಯನ್ನು ಬೆರಳಿನಿಂದ ತಿರುಗಿಸುತ್ತ ನಿಧಾನಿಸುತ್ತಾರೆ. ಅಲ್ಲಿಗೆ ಟೋಪಿಯ ಮೆಲ್ಲಗಿನ ಸಾಲುಗಳು. ಕಾಲರಿನ ಚೂಪಿನಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಆಗ ಮೂವರೂ ಬಾಯಿ ಮುಚ್ಚುತ್ತಾರೆ. ಹೀಗಾಗಿ ಇವರ ಹಾಡುಗಳಿಗೆ ಅಂಗಿ ಹಾಡು, ಲಂಗದ ಹಾಡು, ಚೀಲದ ಹಾಡು ಎಂದೇ ಹೆಸರು. ಅಂಗಿ ಹಾಡು ಹೇಳಬೇಕಾದರೆ ಚಿಕ್ಕಮ್ಮ ಅಂಗಿಯನ್ನೇ ಹೊಲಿಯಬೇಕು. ಸುಮ್ಮನೆ ತುಳಿದರೆ ಆಗುವುದಿಲ್ಲ, ಬಟ್ಟೆ ಇಲ್ಲದ ಮಿಷನ್ನಿನ ಸದ್ದು ಬೇರೆ.

"ಅಂದರೆ ನೀವೂ ತಂಡದವರೇ," ಎನ್ನುತ್ತೇನೆ ಚಿಕ್ಕಮ್ಮನಿಗೆ.

"ಎಲ್ಲಿಯ ತಂಡ ಮೇಡಂ. ನಾನು ಹೊಲೀತೀನಿ, ಅವರು ಕೂಗ್ತಾರೆ. ಮೊದಲು ಜಗಳ ಆಡ್ತಿದಾರೆ ಅಂದ್ಕೊಂಡಿದ್ದೆ. ಆಮೇಲೆ ನೋಡಿದ್ರೆ ಮೂವರೂ ಒಂದೇ ಕಡೆಯವರು. ಹಾಗಾದ್ರೆ ಜಗಳ ಯಾರ ಜೊತೆ ಅಂತ ಇವತ್ತಿಗೂ ತಿಳಿದಿಲ್ಲ."

ಚಿಕ್ಕಮ್ಮ ಈ ಮಿಷನ್ನು ಕೊಳ್ಳುವ ಮೊದಲು ದೊಡ್ಡದೊಂದು ಬಟ್ಟೆ ಕಾರ್ಖಾನೆಯಲ್ಲಿದ್ದರು. ಅಲ್ಲಿ ಅವರಿಗೆ ಕೊಟ್ಟಿದ್ದು ಕಾಲರಿನ ಕೆಲಸ ಮಾತ್ರ. ತೋಳು ಇನ್ನೊಬ್ಬರದು, ಜೇಬು ಮತ್ತೊಬ್ಬರದು. ಕಾರ್ಖಾನೆ ಮುಚ್ಚುವವರೆಗೂ ವರ್ಷಗಟ್ಟಲೆ ಕಾಲರು ತಿರುಗಿಸಿದರು. "ಒಂದಿಡೀ ಅಂಗಿ ಹೊಲಿಯೋಕೆ ಬರುತ್ತಾ ಅಂತ ನನಗೇ ಅನುಮಾನ ಇತ್ತು," ಎನ್ನುತ್ತಾರೆ. ಈಗ ದಿನಕ್ಕೆ ಏಳೆಂಟು ಅಂಗಿ ಸಲೀಸಾಗಿ ಇಳಿಯುತ್ತವೆ. ಶಾಲೆ ಶುರುವಾಗುವ ಹೊತ್ತಿಗೆ ಅದರ ದುಪ್ಪಟ್ಟು. ಸಂಜೆ ಹೊತ್ತಿಗೆ ಮಂಡಿ ಊದಿ ಮೆಟ್ಟಿಲು ಹತ್ತಲಾಗದೆ ಒಂದೊಂದೇ ಕಾಲಿಟ್ಟು ಹೋಗುತ್ತಿದ್ದರು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಮಂಡಿ ಸವೆದಿದೆ, ಇನ್ನು ತುಳಿಯಕೂಡದು, ತುಳಿದರೆ ನಡೆಯುವುದಕ್ಕೂ ಕಷ್ಟವಾದೀತು ಎಂದು ಕಡ್ಡಿ ಮುರಿದ ಹಾಗೆ ಹೇಳಿದರು.

ಆಗಲೇ ಈ ಮೂವರು ಒಳ್ಳೆಯ ಕೆಲಸ ಮಾಡಲು ಹೋಗಿ ಎಡವಟ್ಟು ಮಾಡಿಕೊಂಡದ್ದು. ಹಾಡಿ ಬಂದ ಗಳಿಕೆಯನ್ನೆಲ್ಲ ಸೇರಿಸಿ, ಚಿಕ್ಕಮ್ಮನಿಗೆ ಹೇಳದೆ ಕೇಳದೆ ಮೋಟರು ತಂದು ಕೂರಿಸಿದರು. ಚಿಕ್ಕಮ್ಮ ಸ್ವಿಚ್ಚು ಹಾಕಿ, ಮೋಟರಿನ ಒತ್ತುಗುಂಡಿಯನ್ನು ಕಾಲ ಬೆರಳಿನಲ್ಲಿ ಸುಮ್ಮನೆ ಒತ್ತಿದರು, ಮಿಷನ್ನು ಓಡಿತು. ಚಿಕ್ಕಮ್ಮನ ಕಣ್ಣಲ್ಲಿ ನೀರು. ಮೂವರೂ ಹಿಗ್ಗಿ ಹೀರೇಕಾಯಿ. ಮರುದಿನ ಹಾಡಲು ನಿಂತರೆ ಹಾಡೇ ಇಲ್ಲ. ಪೆಡಲಿನ ದಪ್ಪ ಸದ್ದು ಹೋಗಿ ಮೋಟರಿನ ಗುಂಯ್ ಎಂಬ ಸದ್ದು ಮಾತ್ರ ಉಳಿದಿತ್ತು. ಕಾಲರಿಗೂ ಬದಿಗೂ ವ್ಯತ್ಯಾಸವೇ ಇಲ್ಲ. ಒತ್ತಿದರೆ ಓಡಿತು, ಬಿಟ್ಟರೆ ನಿಂತಿತು.

ಮುಂದಿನ ಭಾನುವಾರ ಇವರು ದೊಡ್ಡ ಸಭಾಂಗಣದಲ್ಲಿ ಹಾಡಬೇಕು. ಇದುವರೆಗೆ ಗೋದಾಮು, ಗ್ಯಾರೇಜು, ಯಾರದೋ ತಾರಸಿ ಎಂದು ಹಾಡಿದವರಿಗೆ ಮೊದಲ ಬಾರಿಗೆ ನಿಜವಾದ ವೇದಿಕೆ. ಪೆಡಲು ತುಳಿದರೆ ಚಿಕ್ಕಮ್ಮನ ಮಂಡಿ ಹೋಗುತ್ತದೆ, ಮೋಟರು ಹಾಕಿದರೆ ಹಾಡು ಹೋಗುತ್ತದೆ. ಮೂವರೂ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದಾರೆ.

ಆ ವಾರವೆಲ್ಲ ನಾನೂ ಬೆಳಿಗ್ಗೆ ಬೆಳಿಗ್ಗೆ ಮೆಟ್ಟಿಲು ಇಳಿಯುತ್ತೇನೆ. ದಿನಕ್ಕೊಂದು ಪ್ರಯೋಗ. ಉಸಿರು ಫೋನಿನಲ್ಲಿದ್ದ ಹಳೆಯ ರೆಕಾರ್ಡಿಂಗ್ ಹಾಕುತ್ತಾನೆ. ಸದ್ದೇನೋ ಅದೇ. ಆದರೆ ಅವನು ಉಸಿರು ಎಳೆದುಕೊಳ್ಳುವುದು ಒಂದು ಗಳಿಗೆ ತಡವಾದರೆ ಮೊದಲೆಲ್ಲ ಚಿಕ್ಕಮ್ಮನ ಕಾಲೂ ತಡೆಯುತ್ತಿತ್ತು; ರೆಕಾರ್ಡಿಂಗ್ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಬೆಲ್ ಖಾಲಿ ಡಬ್ಬ ಬಡಿಯುತ್ತಾನೆ. ಮೇಲಿನಿಂದ ಬೀಗ ರಿಪೇರಿಯವನು ಇಳಿದು ಬಂದು ಏನು ಮುರಿಯುತ್ತಿದ್ದೀರಿ ಎಂದು ಕೇಳಿ ಹೋಗುತ್ತಾನೆ. ಮತ್ತೊಂದು ದಿನ ಚಿಕ್ಕಮ್ಮ ಬಟ್ಟೆ ಹಿಡಿಯುವುದು, ಟೋಪಿ ಮೇಜಿನ ಕೆಳಗೆ ಕುಳಿತು ಕೈಯಿಂದ ಪೆಡಲು ಒತ್ತುವುದು ಎಂದಾಗುತ್ತದೆ. ಗಾಲಿ ಹಿಂದಕ್ಕೆ ತಿರುಗಿ, ದಾರ ಗಂಟು ಗಂಟಾಗಿ ಸೂಜಿಯ ಕೆಳಗಿನ ಬಾಬಿನ್ನಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಬಿಡಿಸುವ ಹೊತ್ತಿಗೆ ಮೂವರಿಗೂ ಕೆಲಸಕ್ಕೆ ಹೊತ್ತಾಗಿರುತ್ತದೆ.

"ನಿಮಗೆ ಏನನ್ನಿಸುತ್ತೆ ಮೇಡಂ?" ಎಂದು ಬೆಲ್ ನನ್ನನ್ನು ಕೇಳುತ್ತಾನೆ. ಒಮ್ಮೆ ಮಂಡಿಯೇ ಮುಖ್ಯ ಅನ್ನಿಸುತ್ತದೆ. ಮರುಗಳಿಗೆಗೆ ಆ ಹಳೆಯ ರೆಕಾರ್ಡಿಂಗ್ ನೆನಪಾಗಿ ಹಾಡೇ ಮುಖ್ಯ ಅನ್ನಿಸುತ್ತದೆ.

ವಿಚಿತ್ರವೆಂದರೆ ಚಿಕ್ಕಮ್ಮನಿಗೆ ಏನು ಬೇಕೆಂದು ಒಬ್ಬರೂ ಕೇಳುವುದಿಲ್ಲ. ಕೇಳಿದರೆ ತುಳಿಯುತ್ತೇನೆ ಎಂದುಬಿಡುತ್ತಾರೆ ಎಂಬ ಭಯ ಆ ಮೂವರಿಗೂ. ಚಿಕ್ಕಮ್ಮನೂ ಬಾಯಿ ಬಿಡುವುದಿಲ್ಲ. ಮೋಟರು ಬೇಡ ಎಂದರೆ ಮಕ್ಕಳ ಮನಸ್ಸು ನೋಯುತ್ತದೆ ಎಂದು ಅವರು ನನ್ನ ಬಳಿ ಪಿಸುಗುಡುತ್ತಾರೆ. ಆಚೆಯವರ ಗುಟ್ಟು ಈಚೆ, ಈಚೆಯವರದು ಆಚೆ ಹೇಳಲಾರದೆ ನಾನು ನಡುವೆ ಸಿಕ್ಕಿಕೊಂಡಿದ್ದೇನೆ.

ಶನಿವಾರ ಬೆಳಿಗ್ಗೆ ಮೂವರೂ ಮುಖ ಸಪ್ಪೆ ಮಾಡಿಕೊಂಡು ಬರುತ್ತಾರೆ. ಸಭಾಂಗಣದವರಿಗೆ ಆಗುವುದಿಲ್ಲ ಎಂದು ಹೇಳಿಬಿಡುವುದೆಂದು ತೀರ್ಮಾನಿಸಿದ್ದಾರೆ. ಮೆಟ್ಟಿಲಿನ ಅರ್ಧಕ್ಕೇ ನಿಲ್ಲುತ್ತಾರೆ, ಅವರ ಹಿಂದೆ ನಾನೂ. ಕೆಳಗಿನಿಂದ ಆ ದಪ್ಪ ಸದ್ದು ಬರುತ್ತಿದೆ. ನಾನು ಅದನ್ನು ಎದುರೆದುರು ಕೇಳುತ್ತಿರುವುದು ಇದೇ ಮೊದಲು. ಗೋಡೆಯಿಂದಲ್ಲ, ನೆಲದಿಂದ ಕಾಲಿಗೆ ಹತ್ತುವ ಸದ್ದು ಅದು. ಚಿಕ್ಕಮ್ಮ ಮೋಟರಿನ ಬೆಲ್ಟು ಬಿಚ್ಚಿ ಪಕ್ಕಕ್ಕಿಟ್ಟು, ಗುಂಡಿಗಳ ಡಬ್ಬದಲ್ಲಿ ಸುತ್ತಿಟ್ಟಿದ್ದ ಹಳೆಯ ಚರ್ಮದ ಬೆಲ್ಟನ್ನು ಗಾಲಿಗೆ ಹಾಕಿದ್ದಾರೆ.

"ಚಿಕ್ಕಮ್ಮ, ಏನಿದು?" ಬೆಲ್‌ನ ದನಿ ಏರುತ್ತದೆ.

"ಮೋಟರ್ ಬೇಡ ಅಂದಿಲ್ಲ ಕಣೋ. ಸೋಮವಾರದಿಂದ ಅದೇ. ಇವತ್ತು ನಾಳೆ ನನ್ನ ಕಾಲು."

"ಮಂಡಿ?"

"ಮಂಡಿ ನಂದು. ನಿಂದಲ್ಲ."

"ಡಾಕ್ಟ್ರು ಹೇಳಿದ್ದು ಮರೆತು ಹೋಯ್ತಾ?"

"ಒಂದೇ ಹಾಡು. ಅಂಗಿ ಹಾಡು. ಅದಕ್ಕಿಂತ ಒಂದು ಟಾಕಾ ಜಾಸ್ತಿ ಹಾಕಲ್ಲ." ಆಮೇಲೆ ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. ಮುಂದಿನ ಮಾತನ್ನು ಯಾರ ಮುಖವನ್ನೂ ನೋಡದೆ ಹೇಳುತ್ತಾರೆ. "ಕಾರ್ಖಾನೇಲಿ ಅಷ್ಟು ವರ್ಷ ಹೊಲಿದೆ. ಸದ್ದು ಜಾಸ್ತಿ ಅಂತ ಎಲ್ಲರೂ ಕಿವಿಗೆ ಹತ್ತಿ ಇಟ್ಕೊಳ್ತಿದ್ರು. ನಾನು ಕೆಲಸ ಮಾಡೋ ಸದ್ದನ್ನ ಯಾರಾದ್ರೂ ನಿಂತು ಕೇಳಿದ್ದು ಇಲ್ಲೇ. ಒಂದು ಸಲ ಸರಿಯಾಗಿ ಕೇಳಿಸಿ ಮುಗಿಸೋಣ ಅಂತ."

ಟೋಪಿ ಟೋಪಿಯನ್ನು ತೆಗೆದು ಮತ್ತೆ ಹಾಕಿಕೊಳ್ಳುತ್ತಾಳೆ.

ಭಾನುವಾರ ಸಂಜೆ ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲಿ ನೋಡಿದರೂ ಅಪ್ಪಂದಿರ ಕೋಟು, ಅಜ್ಜಂದಿರ ಅಂಗಿ. ಮಿಷನ್ನನ್ನು ನಾಲ್ಕು ಜನ ಹೊತ್ತು ತಂದು ವೇದಿಕೆಯ ನಡುವೆ ಇಡುತ್ತಾರೆ. ಪೆಡಲಿನ ಪಕ್ಕ ಒಂದು ಮೈಕು, ಟಾಕಾ ಬೀಳುವ ಕಡೆ ಇನ್ನೊಂದು. ಚಿಕ್ಕಮ್ಮ ಕುರ್ಚಿ ಬೇಡ, ಸ್ಟೂಲು ಕೊಡಿ ಎನ್ನುತ್ತಾರೆ. ಮೇಲಿನಿಂದ ಬಣ್ಣಬಣ್ಣದ ಬೆಳಕು ಬಿಟ್ಟವನಿಗೆ, "ಬಿಳೀ ಲೈಟು ಹಾಕಪ್ಪ, ಎಡಗಡೆಯಿಂದ. ದಾರ ಕಾಣಲ್ಲ," ಎಂದು ಹೇಳುತ್ತಾರೆ. ಅದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿ ಜನ ಚಪ್ಪಾಳೆ ಹೊಡೆಯುತ್ತಾರೆ. ಯಾಕೆ ಹೊಡೆದರೆಂದು ಅವರು ಹಿಂದೆ ತಿರುಗಿ ನೋಡುತ್ತಾರೆ.

ಅಂಗಿಯ ತುಂಡುಗಳನ್ನು ಮೊದಲೇ ಕತ್ತರಿಸಿ, ತೋಳು ಕೂಡಿಸಿ ತಂದಿದ್ದಾರೆ. ಮೊದಲು ಒಂದು ಬದಿ, ಆಮೇಲೆ ಕಾಲರು, ಕೊನೆಗೆ ಇನ್ನೊಂದು ಬದಿ. ಹಾಡು ಅಷ್ಟೇ ಉದ್ದ. ಪೆಡಲು ಬೀಳುತ್ತದೆ. ಮೊದಲ ಬದಿಯನ್ನು ಉಸಿರು ಒಂದೇ ಗುಕ್ಕಿನಲ್ಲಿ ಓಡಿಸಿಬಿಡುತ್ತಾನೆ. ಕಾಲರು ಬರುತ್ತದೆ, ಸದ್ದು ನಿಧಾನವಾಗುತ್ತದೆ, ಟೋಪಿ ಮುಂದೆ ಬಂದು ಹೇಳುತ್ತಾಳೆ:

ಅಪ್ಪನ ಕೋಟು ಹಾಕ್ಕೊಂಡ್ ಬಂದೆ, ತೋಳು ಉದ್ದ ಇದೆ
ಜೇಬಲ್ ಕೈ ಇಟ್ರೆ ಒಳಗೆ ಅವನ ಕೈಯೇ ಇದೆ

ಕಾಲರಿನ ಚೂಪಿನಲ್ಲಿ ಕಾಲು ನಿಲ್ಲುತ್ತದೆ. ಇಡೀ ಸಭಾಂಗಣ ಉಸಿರು ಬಿಗಿಹಿಡಿಯುತ್ತದೆ. ಹಿಪ್‌ಹಾಪಿನ ಗಂಧಗಾಳಿಯಿಲ್ಲದ ನನಗೂ ಮೈ ಜುಮ್ಮೆನ್ನುತ್ತದೆ.

ಎರಡನೆಯ ಬದಿ ಬೆಲ್‌ನದು. ನಾಲ್ಕಾರು ಸಾಲು ಸರಾಗವಾಗಿ ಹೋಗುತ್ತವೆ. ಆಮೇಲೆ ಅವನು ಒಮ್ಮೆ ಪಕ್ಕಕ್ಕೆ ನೋಡುತ್ತಾನೆ. ಚಿಕ್ಕಮ್ಮ ತುಟಿ ಕಚ್ಚಿ, ಒಂದು ಕೈಯಲ್ಲಿ ಬಟ್ಟೆ ನೂಕುತ್ತ ಇನ್ನೊಂದು ಕೈಯಿಂದ ಮಂಡಿ ಅದುಮುತ್ತಿದ್ದಾರೆ. ಬೆಲ್‌ನ ಬಾಯಿ ಕಟ್ಟಿಹೋಗುತ್ತದೆ. ಮುಂದಿನ ಸಾಲು ಬರುವುದಿಲ್ಲ. ಬಟ್ಟೆಯೋ ಇನ್ನು ಗೇಣುದ್ದ ಮಾತ್ರ ಉಳಿದಿದೆ. ಅದು ಮುಗಿದರೆ ಹಾಡೂ ಮುಗಿದಂತೆ. ಆದರೆ ಪೆಡಲು ನಿಲ್ಲುವುದಿಲ್ಲ. ಮಿಷನ್ನಿನ ಸದ್ದಿನಲ್ಲಿ ಏನೋ ಬದಲಾಗುತ್ತದೆ, ಏನೆಂದು ನನಗೆ ತಿಳಿಯುವುದಿಲ್ಲ. ಅದು ಬೆಲ್‌ಗಾಗಿ ಕಾಯುತ್ತಿರುವುದು ಮಾತ್ರ ತಿಳಿಯುತ್ತದೆ. ಅವನು ಕಣ್ಣು ಮುಚ್ಚಿಕೊಂಡು, ಸಾಲು ಹಿಡಿಯುತ್ತಾನೆ. ಬದಿ ಮುಗಿಯುವುದಕ್ಕೂ ಹಾಡು ಮುಗಿಯುವುದಕ್ಕೂ ಸರಿಹೋಗುತ್ತದೆ. ಚಿಕ್ಕಮ್ಮ ಬಗ್ಗಿ ದಾರ ಕತ್ತರಿಸುತ್ತಾರೆ. ಜನ ಎದ್ದು ನಿಂತಿರುವುದನ್ನು ಅವರು ನೋಡುವುದು ಅದಾದ ಮೇಲೆಯೇ.

ಬುಧವಾರ ಬೆಳಿಗ್ಗೆ ನಾನು ಕಡೆಯ ಸಲ ನೆಲಮಾಳಿಗೆಗೆ ಹೋಗುತ್ತೇನೆ. ಮೋಟರು ಮರಳಿ ತನ್ನ ಜಾಗದಲ್ಲಿದೆ. ಪೆಡಲಿಗೆ ಅಡ್ಡವಾಗಿ ಬೆಲ್ ಒಂದು ಮರದ ಹಲಗೆ ಬಡಿದಿದ್ದಾನೆ, ಚಿಕ್ಕಮ್ಮನ ಕಾಲು ತಪ್ಪಿಯೂ ಅತ್ತ ಹೋಗದಿರಲೆಂದು. ಅವರ ಮಂಡಿಗೆ ಪಟ್ಟಿ ಸುತ್ತಿದೆ, ಊತ ಇನ್ನೂ ಪೂರ್ತಿ ಇಳಿದಿಲ್ಲ. ಮೂವರೂ ಗೋಡೆಗೊರಗಿ ಮೋಟರಿನ ಗುಂಯ್ ಸದ್ದಿಗೆ ಏನೋ ಗುನುಗುತ್ತಿದ್ದಾರೆ. ನಿಲ್ಲಿಸುತ್ತಾರೆ, ಮತ್ತೆ ಶುರು ಮಾಡುತ್ತಾರೆ, ಮತ್ತೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

"ಇದಕ್ಕೂ ಒಂದು ಹಾಡು ಬರೀರಿ ಅಂದಿದೀನಿ," ಎನ್ನುತ್ತಾರೆ ಚಿಕ್ಕಮ್ಮ. "ಇಷ್ಟಪಟ್ಟು ತಂದ ಮೋಟರು. ಅದಕ್ಕೂ ಒಂದು ದಾರಿ ಇರಬೇಕಲ್ಲ. ನನಗೆ ಬೇರೇನೂ ಬೇಡ ಮೇಡಂ. ಇವರು ಇಲ್ಲಿಗೆ ಬರೋದು ಬಿಡಬಾರ್ದು, ಅಷ್ಟೆ."

ಹಾಡು ಹುಟ್ಟುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ.

ಹೊರಡುವ ಮುನ್ನ ವೇದಿಕೆಯ ಮೇಲೆ ಹೊಲಿದ ಅಂಗಿಯನ್ನು ತೋರಿಸಿ ಎನ್ನುತ್ತೇನೆ. ಅದು ಬೆಲ್‌ನ ಅಳತೆಯದು. ಅವನ ಅಂಗಿಗಳ ಕಂಕುಳು ಬಸ್ಸು ತೊಳೆಯಲು ಕೈ ಎತ್ತಿ ಎತ್ತಿ ತಿಂಗಳೊಪ್ಪತ್ತಿನಲ್ಲಿ ಬಿಚ್ಚಿಹೋಗುತ್ತದಂತೆ. ಚಿಕ್ಕಮ್ಮ ಅಂಗಿಯನ್ನು ಒಳಮೈ ಹೊರಗೆ ಮಾಡಿ ಟ್ಯೂಬ್‌ಲೈಟಿನ ಕೆಳಗೆ ಹಿಡಿಯುತ್ತಾರೆ. ಎರಡನೆಯ ಬದಿಯ ಹೊಲಿಗೆ ನೇರವಾಗಿ ಬಂದು, ಕಂಕುಳಿನ ಹತ್ತಿರ ಹಿಂದಕ್ಕೆ ಹೋಗಿದೆ, ಮುಂದಕ್ಕೆ ಬಂದಿದೆ, ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಅಷ್ಟು ಜಾಗದಲ್ಲಿ ಬಟ್ಟೆ ಕಾಣದಷ್ಟು ದಾರ ಕೂತಿದೆ.

"ನನ್ನ ಕಾಲು ನೋಡ್ತಾ ಇವನು ಮರೆತಿದ್ದು ಇಲ್ಲಿ," ಎಂದು ಅವರು ಹೆಬ್ಬೆರಳಿನಿಂದ ಅದನ್ನು ಸವರುತ್ತಾರೆ. ಆಮೇಲೆ ಎರಡೂ ಕೈಯಿಂದ ಹಿಡಿದು ಒಮ್ಮೆ ಜೋರಾಗಿ ಜಗ್ಗುತ್ತಾರೆ. "ಬೇರೆ ಕಡೆ ಬೇಕಾದ್ರೆ ಬಿಚ್ಚಿಕೊಳ್ಳಬಹುದು ಮೇಡಂ. ಇಲ್ಲಿ ಬಿಚ್ಚಲ್ಲ."